ಕರಿಬಸವಯ್ಯನ ಮನೆಯ ಕ್ಯಾಟಾಸ್ಟ್ರಫಿ

ಪದ್ಮನಾಭನಗರದ ನಮ್ಮ ಬೀದಿಯಲ್ಲಿ ಇಂಗ್ಲಿಷ್ ಬರುವವರೂ ಇದ್ದರು, ಬಾರದವರೂ ಇದ್ದರು. ಆದರೆ ಅನಾಹುತದ ಇಂಗ್ಲಿಷ್ ಮಾತ್ರ ಬರುತ್ತಿದ್ದವನು ಕರಿಬಸವಯ್ಯ ಒಬ್ಬನೇ. ಅನ್ನ ಬಡಿಸು ಎನ್ನುವುದಕ್ಕೆ ಅವನ ಹತ್ತಿರ ಇಂಗ್ಲಿಷ್ ಇರಲಿಲ್ಲ. ಅನ್ನ ಸೀದುಹೋದರೆ ಧಾರಾಳವಾಗಿತ್ತು. ನಲ್ಲಿಯಲ್ಲಿ ನೀರು ಬಂತು ಎನ್ನಲು ಬರುತ್ತಿರಲಿಲ್ಲ. ಪೈಪು ಒಡೆದು ಬೀದಿಯೆಲ್ಲ ಕೆಸರಾದರೆ ಅವನು ಗೇಟಿಗೆ ಒರಗಿ ನಿಂತು ಮಾತಾಡುತ್ತಿದ್ದ ಠೀವಿಯನ್ನು ನೀವು ನೋಡಬೇಕಿತ್ತು.

ಇದಕ್ಕೆಲ್ಲ ಮೂಲ ಅವನ ಮಗಳು ಸಿರಿ. ಅದು ತೊಂಬತ್ತೇಳರ ಬೇಸಿಗೆ. ಸಿರಿಗೆ ಬನಶಂಕರಿಯ ಒಂದು ದೊಡ್ಡ ಇಂಗ್ಲಿಷ್ ಸ್ಕೂಲಿನಲ್ಲಿ ಎಲ್‌ಕೆಜಿ ಸೀಟು ಬೇಕಿತ್ತು. ಆ ಸ್ಕೂಲಿನ ಪದ್ಧತಿ ಏನೆಂದರೆ, ಓದುವುದು ಮಗು, ಪರೀಕ್ಷೆ ಮಾತ್ರ ಅಪ್ಪ ಅಮ್ಮನಿಗೆ. ಪ್ರಿನ್ಸಿಪಾಲರು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಾರೆ. ತಡವರಿಸಿದರೆ ಸೀಟಿಲ್ಲ. ಹಿಂದಿನ ಬೀದಿಯ ಒಬ್ಬರು, ಬ್ಯಾಂಕಿನಲ್ಲಿ ಒಳ್ಳೆಯ ಕೆಲಸ, "ನಿಮ್ಮ ಹವ್ಯಾಸ ಏನು" ಎಂದು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ "ಯೆಸ್ ಮೇಡಂ" ಎಂದು ಬಂದಿದ್ದರು. ಅವರ ಮಗ ಆ ವರ್ಷವೆಲ್ಲ ಮನೆಯಲ್ಲೇ ಆಡಿಕೊಂಡಿದ್ದ.

"ನನ್ ಕೈಲಿ ಆಗಲ್ಲಾರಿ" ಎಂದು ಕರಿಬಸವಯ್ಯನ ಹೆಂಡತಿ ಶಾಂತಾದೇವಿ ಮೊದಲೇ ಹೇಳಿಬಿಟ್ಟಳು. "ನಾನು ತಿಪಟೂರಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದೋಳು. ಅಲ್ಲಿ ಬಾಯಿ ಬಿಡೋದು ಏನಿದ್ರೂ ನೀವೇ."

"ಬಾಯಿ ಬಿಡೋ ಡಿಪಾರ್ಟ್‌ಮೆಂಟು ನನಗ್ ಬಿಡು" ಎಂದ ಕರಿಬಸವಯ್ಯ. ಅವನ ಸ್ವಭಾವವೇ ಹಾಗೆ. ಗೊತ್ತಿರುವ ವಿಷಯದಲ್ಲಿ ಅವನಿಗೆ ಸ್ವಲ್ಪ ಅಳುಕು ಇರುತ್ತಿತ್ತು. ಗೊತ್ತಿಲ್ಲದ ವಿಷಯದಲ್ಲಿ ಅವನಷ್ಟು ಧೈರ್ಯಶಾಲಿಯನ್ನು ನಾನು ಕಂಡಿಲ್ಲ.

ನಮ್ಮ ಮುಖ್ಯರಸ್ತೆಯಲ್ಲಿ ಒಂದು ಫ್ಲೋರ್ ಮಿಲ್ ಇತ್ತು. ಅದರ ಮೇಲಿನ ಮಹಡಿಯಲ್ಲಿ ಕೈಲಾಸ್ ಎಂಬ ಹುಡುಗ ಸ್ಪೋಕನ್ ಇಂಗ್ಲಿಷ್ ಕ್ಲಾಸು ನಡೆಸುತ್ತಿದ್ದ. ಕೆಳಗೆ ರಾಗಿ ಬೀಸುವ ಸದ್ದು, ಮೇಲೆ ಕ್ಲಾಸು. ಹೀಗಾಗಿ ಅಲ್ಲಿ ಕಲಿತವರೆಲ್ಲ ಇಂಗ್ಲಿಷನ್ನು ಕಿರುಚಿಯೇ ಮಾತಾಡುತ್ತಿದ್ದರು. ಕೈಲಾಸ್ ವಾರಕ್ಕೊಂದು ಪದಗಳ ಕುಟುಂಬ ಕಲಿಸುತ್ತಿದ್ದ. ಒಂದು ವಾರ ಅಡುಗೆಮನೆಯ ಪದಗಳು, ಒಂದು ವಾರ ನೆಂಟರಿಷ್ಟರ ಪದಗಳು, ಹೀಗೆ. ಕರಿಬಸವಯ್ಯ ಕೆಲಸ ಮಾಡುತ್ತಿದ್ದುದು ಜಯನಗರ ಫೋರ್ತ್ ಬ್ಲಾಕಿನ ಒಂದು ಪಂಪ್‌ಸೆಟ್ ಷೋರೂಮಿನಲ್ಲಿ. ಬೇಸಿಗೆಯೆಂದರೆ ಅಲ್ಲಿ ಉಸಿರಾಡಲು ಪುರಸೊತ್ತಿಲ್ಲ. ಅಡುಗೆಮನೆ ವಾರ ತಪ್ಪಿತು, ನೆಂಟರ ವಾರ ತಪ್ಪಿತು. ಅವನು ಅಂತೂ ಬಿಡುವು ಮಾಡಿಕೊಂಡು ಸೇರಿದ ವಾರ ಕೈಲಾಸ್ ಬೋರ್ಡಿನ ಮೇಲೆ ಬರೆದಿದ್ದುದು ಅನಾಹುತದ ಕುಟುಂಬವನ್ನು.

"ಮೆಟ್ಲು ಥರ ಇಟ್ಕೊಳ್ಳಿ" ಎಂದ ಕೈಲಾಸ್. "ಹಾಲು ಚೆಲ್ಲೋಯ್ತು, ಮಿಸ್‌ಹ್ಯಾಪ್. ಹಾಲಿನೋನೇ ಬರ್ಲಿಲ್ಲ, ಕೆಲಾಮಿಟಿ. ಇಡೀ ಬೆಂಗ್ಳೂರಿಗೇ ಹಾಲಿಲ್ಲ, ಡಿಸಾಸ್ಟರ್. ಪ್ರಪಂಚದಲ್ಲಿ ಹಸುಗಳೇ ಇಲ್ಲ, ಕ್ಯಾಟಾಸ್ಟ್ರಫಿ. ಇನ್ನು ಮನೆ ಎಲ್ಲಾ ಮೇಲೆ ಕೆಳಗಾದ್ರೆ ಅಪ್‌ಹೀವಲ್, ಯಾರಾದ್ರೂ ಬಂದು ಎಲ್ಲಾ ಹಾಳು ಮಾಡಿದ್ರೆ ಹ್ಯಾವಕ್, ನೀರು ನುಗ್ಗಿದ್ರೆ ಡೆಲ್ಯೂಜ್."

ಕರಿಬಸವಯ್ಯ ಕೈ ಎತ್ತಿದ. "ಸಾರ್, ಕ್ಯಾಟಾಸ್ಟ್ರಫಿ ಉಪಯೋಗಿಸ್ಬೇಕು ಅಂದ್ರೆ ಹಸುಗಳೆಲ್ಲಾ ಹೋಗೋವರ್ಗೂ ಕಾಯ್ಬೇಕಾ?"

"ಅಯ್ಯೋ, ಅಷ್ಟೆಲ್ಲಾ ಲೆಕ್ಕ ಇಟ್ಕೋಬೇಡಿ ಸಾರ್" ಎಂದು ಕೈಲಾಸ್ ನಕ್ಕ. "ಇಂಗ್ಲಿಷ್‌ನೋರು ಟೀ ಆರಿಹೋದ್ರೂ ಡಿಸಾಸ್ಟರ್ ಅಂತಾರೆ. ಮಾತಾಡುವಾಗ ಸ್ವಲ್ಪ ಧಾರಾಳವಾಗೇ ಇರ್ಬೇಕು. ಆದ್ರೆ ದಿನಾ ಬಳಸ್ಬೇಕು, ಬಳಸದಿದ್ರೆ ಬಾಯಿಗೆ ಕೂರಲ್ಲ."

ಅಂದಿನಿಂದ ಕರಿಬಸವಯ್ಯನಿಗೆ ಒಂದೇ ಚಿಂತೆ. ಕೈಯಲ್ಲಿ ಇಷ್ಟು ಚೆಂದದ ಪದಗಳಿವೆ, ಬಳಸೋಣವೆಂದರೆ ಮನೆಯಲ್ಲಿ ಏನೂ ಆಗುತ್ತಿಲ್ಲ! ಬೆಳಿಗ್ಗೆ ಎದ್ದವನೇ ಹಾಲಿನ ಪಾತ್ರೆಯನ್ನು ಆಸೆಯಿಂದ ನೋಡುತ್ತಾ ನಿಲ್ಲುತ್ತಿದ್ದ. ಶಾಂತಾದೇವಿ ಸರಿಯಾದ ಸಮಯಕ್ಕೆ ಬಂದು ಒಲೆ ಆರಿಸಿಬಿಡುತ್ತಿದ್ದಳು. ಕೊನೆಗೆ ಸಿಕ್ಕಿದ್ದಕ್ಕೇ ಪದ ಅಂಟಿಸತೊಡಗಿದ. ಚಪ್ಪಲಿ ಉಂಗುಷ್ಠ ಕಿತ್ತುಹೋದರೆ ಕೆಲಾಮಿಟಿ. ಉಪ್ಪಿಟ್ಟಿಗೆ ಉಪ್ಪು ಹೆಚ್ಚಾದರೆ ಡಿಸಾಸ್ಟರ್. ಕೆಳಗಿನ ಮನೆಯಲ್ಲಿದ್ದ ಓನರ್ ಸಪ್ಪಲಮ್ಮನವರು ಟ್ಯಾಂಕಿಗೆ ಮೋಟರ್ ಹಾಕಿ ಮರೆತು ನೀರು ಹರಿದುಹೋದ ದಿನ ಅವನು ಮಹಡಿಯಿಂದ ಬಗ್ಗಿ "ಆಂಟೀ, ಡೆಲ್ಯೂಜ್!" ಎಂದು ಫ್ಲೋರ್ ಮಿಲ್ ದನಿಯಲ್ಲಿ ಕೂಗಿದ.

"ಯಾರಪ್ಪ ಅವ್ಳು?" ಎಂದು ಸಪ್ಪಲಮ್ಮನವರು ಗೇಟಿನ ಕಡೆ ನೋಡಿದರು.

ಇಂಟರ್‌ವ್ಯೂ ಶನಿವಾರ ಬೆಳಿಗ್ಗೆ ಎಂದು ಸ್ಕೂಲಿನಿಂದ ಕರೆ ಬಂತು. ಈಗ ರಜದ ಪ್ರಶ್ನೆ. ಷೋರೂಮಿನ ಮ್ಯಾನೇಜರ್ ತಿಮ್ಮರಾಯಪ್ಪನವರು ಕೆಟ್ಟವರಲ್ಲ, ಆದರೆ ಬೇಸಿಗೆಯಲ್ಲಿ ರಜವೆಂಬ ಪದವನ್ನು ಅವರ ಎದುರಿಗೆ ಯಾರೂ ಎತ್ತುವಂತಿರಲಿಲ್ಲ. ಊರಿನ ಬೋರ್‌ವೆಲ್‌ಗಳೆಲ್ಲ ಬತ್ತುವ ಕಾಲ, ಜನ ಮೋಟರಿಗಾಗಿ ಸಾಲುಗಟ್ಟಿ ನಿಲ್ಲುವ ಕಾಲ. ಅದಕ್ಕೇ ಆ ಷೋರೂಮಿನಲ್ಲಿ ನಿಜವಾದ ಕಾರಣ ಹೇಳಿ ರಜ ಕೇಳುವ ಪದ್ಧತಿಯೇ ನಿಂತುಹೋಗಿತ್ತು. ಯಾರಿಗಾದರೂ ತಂಗಿಯ ನಿಶ್ಚಿತಾರ್ಥವಿದ್ದರೆ ಅಜ್ಜಿ ತೀರಿಕೊಳ್ಳುತ್ತಿದ್ದಳು. ಧರ್ಮಸ್ಥಳಕ್ಕೆ ಹೋಗಬೇಕಾದರೆ ದೊಡ್ಡಪ್ಪ ಹೋಗುತ್ತಿದ್ದರು. ಸೇಲ್ಸಿನ ಹನಮಂತನ ಅಜ್ಜಿಯಂತೂ ಪ್ರತಿ ಬೇಸಿಗೆಯಲ್ಲೂ ಕಣ್ಣುಮುಚ್ಚುತ್ತಿದ್ದಳು. ತಿಮ್ಮರಾಯಪ್ಪನವರು ಅಜ್ಜಿಯರನ್ನು ನಂಬುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಕರಿಬಸವಯ್ಯನಿಗೆ ಒಂದು ನಿಯಮವಿತ್ತು. ಎಂಥ ಸಂದರ್ಭದಲ್ಲೂ ಅವನು ಬದುಕಿರುವವರನ್ನು ಸಾಯಿಸುವವನಲ್ಲ. "ಪಾಪ ಸುತ್ಕೊಳ್ಳುತ್ತೆ" ಎನ್ನುತ್ತಿದ್ದ. ಹಾಗಂತ ನಿಜ ಹೇಳಿದರೆ ರಜ ಸಿಗುವುದಿಲ್ಲ. ಶುಕ್ರವಾರ ಸಂಜೆ ಮನೆಗೆ ಬರುವಾಗ ಎಸ್‌ಟಿಡಿ ಬೂತಿನ ಮುಂದೆ ಅವನಿಗೆ ಥಟ್ಟನೆ ಹೊಳೆಯಿತು. ಇಂಗ್ಲಿಷ್ ಇರುವುದು ಮತ್ತೆ ಯಾತಕ್ಕೆ? ಮನೆಯಲ್ಲಿ ಎರಡು ವಾರದಿಂದ ಇಂಟರ್‌ವ್ಯೂ ಗಡಿಬಿಡಿ ನಡೆದೇ ಇದೆ. ಆ ಗಡಿಬಿಡಿಗೆ ಸ್ವಲ್ಪ ಧಾರಾಳವಾದ ಪದ ಹಾಕಿದರೆ ಸುಳ್ಳೂ ಆಗಲಿಲ್ಲ, ಯಾರೂ ಸತ್ತ ಹಾಗೂ ಆಗಲಿಲ್ಲ.

ಬೂತಿನೊಳಗೆ ಹೋಗಿ ಮ್ಯಾನೇಜರರ ಮನೆಗೆ ಫೋನ್ ಮಾಡಿದ. ಉಸಿರು ತುಂಬಿಕೊಂಡ.

"ಸಾರ್! ದಿಸ್ ಈಸ್ ಕರಿಬಸವಯ್ಯ. ಕ್ಯಾಟಾಸ್ಟ್ರಫಿ ಇನ್ ಮೈ ಹೌಸ್ ಸಾರ್. ಟೋಟಲ್ ಅಪ್‌ಹೀವಲ್. ಟುಮಾರೋ ಲೀವ್ ಸಾರ್."

ಆ ಕಡೆಯಿಂದ ತಿಮ್ಮರಾಯಪ್ಪನವರು ಯಾರೂ ಕೇಳಿರದಂಥ ಮೆತ್ತಗಿನ ದನಿಯಲ್ಲಿ ಹೇಳಿದರು: "ತಗೋಳಪ್ಪ. ಎಷ್ಟು ಬೇಕಾದ್ರೂ ತಗೋ. ಧೈರ್ಯವಾಗಿರು."

ಕರಿಬಸವಯ್ಯ ರಿಸೀವರನ್ನೇ ಒಂದು ಸಲ ನೋಡಿದ. ಬಿಳಿಯರು ಇನ್ನೂರು ವರ್ಷ ಈ ದೇಶವನ್ನು ಹೇಗೆ ಆಳಿದರು ಎಂಬುದು ಅವನಿಗೆ ಅವತ್ತು ಅರ್ಥವಾಯಿತಂತೆ.

ಆ ಕಡೆ ತಿಮ್ಮರಾಯಪ್ಪನವರು ಫೋನಿಟ್ಟು ಕುರ್ಚಿಯಲ್ಲಿ ಕುಸಿದರು. ಅವರ ಇಂಗ್ಲಿಷ್ ಬೇರೆ ಥರದ್ದು. ಅದು ದಿನಾ ಬೆಳಿಗ್ಗೆ ಇಂಗ್ಲಿಷ್ ಪೇಪರಿನ ದಪ್ಪಕ್ಷರ ಓದಿ ಬಂದ ಇಂಗ್ಲಿಷ್. ಪೇಪರಿನಲ್ಲಿ ಲಾರಿ ಹಳ್ಳಕ್ಕೆ ಬಿದ್ದರೆ ಮಿಸ್‌ಹ್ಯಾಪ್. ಒಬ್ಬರು ಹೋದರೆ ಟ್ರಾಜಿಡಿ. ಕ್ಯಾಟಾಸ್ಟ್ರಫಿ ಎಂದು ಅವರು ಓದಿದ್ದುದೆಲ್ಲ ಭೂಕಂಪವಾದಾಗ, ಊರುಗಳು ಕೊಚ್ಚಿಹೋದಾಗ, ಅದೂ ಫೋಟೋ ಸಮೇತ. "ಅಜ್ಜಿ ಅಲ್ಲ, ದೊಡ್ಡಪ್ಪ ಅಲ್ಲ, ಕ್ಯಾಟಾಸ್ಟ್ರಫಿ ಅಂದುಬಿಟ್ಟ ಕಣೆ. ಪಾಪ, ಹೆಸರು ಹೇಳಕ್ಕೂ ಬಾಯಿ ಬರ್ಲಿಲ್ಲ" ಎಂದು ಹೆಂಡತಿಯ ಹತ್ತಿರ ಕಣ್ಣೊರೆಸಿಕೊಂಡರು. ಕೂಡಲೇ ಹನಮಂತನಿಗೆ, ಸ್ಟೋರಿನವರಿಗೆ, ಮೆಕ್ಯಾನಿಕ್‌ಗಳಿಗೆ ಎಲ್ಲರಿಗೂ ಹೇಳಿ ಕಳಿಸಿದರು.

ಶನಿವಾರ ಬೆಳಿಗ್ಗೆ ಪಂಪ್‌ಸೆಟ್ ಸಾಗಿಸುವ ಷೋರೂಮಿನ ಟೆಂಪೋ ನಮ್ಮ ಬೀದಿಯಲ್ಲಿ ಬಂದು ನಿಂತಿತು. ಅದರಿಂದ ಒಬ್ಬೊಬ್ಬರಾಗಿ ಇಳಿದರು. ಹನಮಂತನ ಕೈಯಲ್ಲಿ ಒಂದು ಭಾರಿ ಸುಗಂಧರಾಜದ ಹಾರ. ಎಲ್ಲರೂ ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು ತಲೆ ತಗ್ಗಿಸಿಕೊಂಡು ಒಳಗೆ ನಡೆದರು.

ಸಪ್ಪಲಮ್ಮನವರು ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದರು. ಹಾರ ನೋಡಿದರು, ಬರಿಗಾಲು ನೋಡಿದರು, ರಂಗೋಲಿ ಬಟ್ಟಲು ಕೈಬಿಟ್ಟರು. "ಅಯ್ಯೋ ಕರಿಬಸಣ್ಣಾ! ನಿನ್ನೆ ಸಾಯಂಕಾಲ ತಾನೇ ಗೇಟ್ ತೆಗ್ದು ಬಂದ್ಯಲ್ಲೋ ನನ್ನಪ್ಪಾ!" ಎಂದು ಮೆಟ್ಟಿಲ ಮೇಲೆ ಕುಳಿತು ದನಿ ತೆಗೆದರು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಸಾವಿನ ಮನೆಗೆ ಹೋದವರು ಹೋದದ್ದು ಯಾರು ಎಂದು ಕೇಳುವುದಿಲ್ಲ. ಕೇಳಿದರೆ ಗೊತ್ತಿಲ್ಲದೆ ಬಂದ ಹಾಗಾಗುತ್ತದೆ. ಗೊತ್ತಿಲ್ಲದೆ ಬಂದವರ ವಿಶ್ವಾಸ ಎಷ್ಟರದು? ಸುಮ್ಮನೆ ಕೂತು, ಯಾರು ಯಾರ ಹೆಸರು ಹಿಡಿದು ಅಳುತ್ತಾರೆ ಎಂದು ಕಿವಿಗೊಟ್ಟು, ಆಮೇಲೆ ತಾವೂ ನಿಟ್ಟುಸಿರು ಬಿಡುವುದು ಮರ್ಯಾದೆ. ಷೋರೂಮಿನವರು ಸಪ್ಪಲಮ್ಮನವರ ಅಳು ಕೇಳಿ, ಫೋನ್ ಮಾಡಿದ ಮೇಲೆ ರಾತ್ರಿ ಕರಿಬಸವಯ್ಯನೂ ಹೋದ ಎಂದು ತೀರ್ಮಾನಿಸಿ, ನಿಟ್ಟುಸಿರು ಬಿಡುತ್ತಾ ಮೆಟ್ಟಿಲು ಹತ್ತಿದರು. ಬಾಗಿಲು ತೆರೆದವನು ಕರಿಬಸವಯ್ಯ.

ಹೊಸ ಷರಟು, ಕಾಲಿಗೆ ಪಾಲಿಶ್ ಹಾಕಿದ ಬೂಟು, ಹಣೆಯಲ್ಲಿ ವಿಭೂತಿ, ಮುಖದ ತುಂಬ ನಗು. "ಓಹೋ! ಸಾರ್! ಎಲ್ರೂ ಬಂದುಬಿಟ್ಟಿದ್ದೀರಾ!" ಎಂದ. ತನ್ನ ಮಗಳ ಇಂಟರ್‌ವ್ಯೂ ವಿಷಯ ಹೇಗೋ ಗೊತ್ತಾಗಿ ಹಾರೈಸಲು ಬಂದಿದ್ದಾರೆ ಎಂದು ಅವನ ಎದೆ ತುಂಬಿಬಂತು. ಹಾರ ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿತು. ಇರಲಿ, ಪ್ರೀತಿ.

ತಿಮ್ಮರಾಯಪ್ಪನವರಿಗೆ ಆಘಾತದಲ್ಲಿ ಮನುಷ್ಯ ನಗುತ್ತಾನೆ ಎಂಬುದು ಗೊತ್ತಿತ್ತು. ಅವನ ಭುಜ ಅದುಮಿ ಚಾಪೆಯ ಮೇಲೆ ಕೂತರು. ಸುತ್ತ ಕಣ್ಣಾಡಿಸಿದರು. ಗಂಡ ಇದ್ದಾನೆ, ರೇಷ್ಮೆ ಸೀರೆ ಉಟ್ಟ ಹೆಂಡತಿ ಇದ್ದಾಳೆ, ಮಗು ಮಂಚದ ಮೇಲೆ ಕುಣಿಯುತ್ತಿದೆ. ಅಂದರೆ ಹೋದವರು ಹತ್ತಿರದ ನೆಂಟರು. ಕ್ಯಾಟಾಸ್ಟ್ರಫಿ ಅಂದಮೇಲೆ ಒಬ್ಬರಂತೂ ಅಲ್ಲ.

"ಕಾಫಿ ಮಾಡ್ಸಲಾ ಸಾರ್?"

"ಬೇಡಪ್ಪ. ಇಂಥ ಹೊತ್ತಲ್ಲಿ ಕಾಫಿ ಗಂಟಲಲ್ಲಿ ಇಳಿಯುತ್ತಾ?"

ನನಗಿಂತ ಇವರಿಗೇ ಜಾಸ್ತಿ ಟೆನ್ಷನ್ ಆಗಿದೆಯಲ್ಲ ಎಂದು ಕರಿಬಸವಯ್ಯನ ಕಣ್ಣು ಒದ್ದೆಯಾಯಿತು. ಅದನ್ನು ನೋಡಿ ಮೆಕ್ಯಾನಿಕ್‌ಗಳೂ ಕಣ್ಣೊರೆಸಿಕೊಂಡರು.

"ಎಷ್ಟು ಹೊತ್ತಿಗೆ ಇಟ್ಕೊಂಡಿದ್ದೀರಾ?"

"ಹತ್ತೂವರೆಗೆ ಸಾರ್. ಬನಶಂಕರೀಲಿ."

ಬನಶಂಕರಿಯಲ್ಲಿ ಸ್ಮಶಾನವೂ ಇದೆ. ತಿಮ್ಮರಾಯಪ್ಪನವರು ತಲೆಯಾಡಿಸಿದರು. "ಮಗೂನೂ ಕರ್ಕೊಂಡ್ ಹೋಗ್ತೀಯಾ? ಹೆದರ್‌ಕೊಳ್ಳಲ್ವಾ?"

"ಅವ್ಳೇನ್ ಹೆದರ್‌ತಾಳೆ ಸಾರ್, ಹೆದರಿರೋನು ನಾನು" ಎಂದ ಕರಿಬಸವಯ್ಯ. "ಒಳಗೆ ನಮ್ ಮೂರು ಜನಾನೇ ಬಿಡೋದಂತೆ."

"ನಾವು ಹೊರಗೇ ನಿಂತಿರ್ತೀವಿ. ಒಬ್ಬನ್ನೇ ಕಳ್ಸಲ್ಲ ನಾವು. ನಡಿ, ಟೆಂಪೋ ಇದೆ."

ಶಾಂತಾದೇವಿ ಅಡುಗೆಮನೆ ಬಾಗಿಲಿಂದ ಗಂಡನಿಗೆ ಕಣ್ಸನ್ನೆ ಮಾಡಿದಳು. ಇದೇನೋ ಸರಿಯಿಲ್ಲ ಎಂದು ಅವಳಿಗೆ ಆಗಲೇ ಅನ್ನಿಸಿತ್ತು. "ಯಾಕ್ರೀ ಸಪ್ಪಲಮ್ಮಾಂಟಿ ಅಳ್ತಿದಾರೆ?" ಎಂದು ಪಿಸುಗುಟ್ಟಿದಳು. "ಪ್ರೀತಿ ಕಣೇ, ಪ್ರೀತಿ" ಎಂದು ಅವನು ಮಗಳನ್ನು ಎತ್ತಿಕೊಂಡು ಇಳಿದೇಬಿಟ್ಟ. ಸಪ್ಪಲಮ್ಮನವರು ಅವನನ್ನು ನೋಡಿ ಒಂದು ಗಳಿಗೆ ಅಳು ನಿಲ್ಲಿಸಿದರು. ಷುರುಮಾಡಿದ ಅಳುವನ್ನು ಅರ್ಧಕ್ಕೆ ಬಿಡುವುದು ಚೆನ್ನಾಗಿರುವುದಿಲ್ಲವೆಂದು ಮತ್ತೆ ಮುಂದುವರಿಸಿ, ಮನೆಗೆ ಬೀಗ ಹಾಕಿಕೊಂಡು ಟೆಂಪೋ ಹತ್ತಿದರು.

ಕರಿಬಸವಯ್ಯ ದಾರಿ ಹೇಳಿದಂತೆ ಟೆಂಪೋ ಸ್ಮಶಾನದ ಕಡೆ ತಿರುಗದೆ ಸ್ಕೂಲಿನ ಗೇಟಿನಲ್ಲಿ ನಿಂತಾಗ ಎಲ್ಲರಿಗೂ ಅಚ್ಚರಿ. "ಇಲ್ಲೇ ಸಾರ್, ಸಿರಿಗೆ ಎಲ್‌ಕೆಜಿ ಸೀಟಿನ ಇಂಟರ್‌ವ್ಯೂ" ಎಂದು ಹೇಳಿ ಕರಿಬಸವಯ್ಯ ಇಳಿದ. ಮನೆಯಲ್ಲಿ ಇಂಥ ಅನಾಹುತವಾಗಿದ್ದರೂ ಮಗಳ ವಿದ್ಯೆಯನ್ನು ಮೊದಲು ನೋಡಿದ ತಂದೆ! ತಿಮ್ಮರಾಯಪ್ಪನವರಿಗೆ ತಾವು ಈವರೆಗೆ ಅವನಿಗೆ ಬೈದದ್ದೆಲ್ಲ ನೆನಪಾಗಿ ಎದೆ ಹಿಂಡಿತು. ಸ್ಕೂಲಿನೊಳಗೆ ನುಗ್ಗಿ, ತಡೆದ ಆಯಾಳನ್ನು ಪಕ್ಕಕ್ಕೆ ಸರಿಸಿ, ಪ್ರಿನ್ಸಿಪಾಲರ ಕೋಣೆಯ ಬಾಗಿಲಲ್ಲಿ ನಿಂತು ಕೈ ಮುಗಿದರು.

"ಮೇಡಂ, ಐ ಆಮ್ ಹಿಸ್ ಮ್ಯಾನೇಜರ್. ಎಸ್ಟರ್‌ಡೇ ಕ್ಯಾಟಾಸ್ಟ್ರಫಿ ಇನ್ ದಿಸ್ ಮ್ಯಾನ್ಸ್ ಹೌಸ್. ಟುಡೇ ಹಿ ಕಮ್ಸ್ ಫಾರ್ ಡಾಟರ್. ಪ್ಲೀಸ್ ಮೇಡಂ."

ಪ್ರಿನ್ಸಿಪಾಲ್ ಅನ್ನಪೂರ್ಣ ಮೇಡಂ ಎಂದರೆ ಸ್ಕೂಲಿನಲ್ಲಿ ಸೊಳ್ಳೆ ಕೂಡ ಇಂಗ್ಲಿಷಿನಲ್ಲಿ ಗುಂಯ್‌ಗುಡಬೇಕು. ಅವರು ಕಿಟಕಿಯಿಂದ ನೋಡಿದರು. ಗೇಟಿನ ಹತ್ತಿರ ಟೆಂಪೋ, ಬರಿಗಾಲಿನ ಗಂಡಸರು, ಹಾರ, ಅಳುತ್ತಿರುವ ಒಬ್ಬ ಮುದುಕಿ. ಅವರ ಮುಖ ಮೆತ್ತಗಾಯಿತು.

ಕರಿಬಸವಯ್ಯ, ಶಾಂತಾದೇವಿ, ಸಿರಿ ಒಳಗೆ ಬಂದು ಕುಳಿತರು. "ಐ ಆಮ್ ವೆರಿ ಸಾರಿ ಫಾರ್ ಯುವರ್ ಲಾಸ್" ಎಂದರು ಮೇಡಂ.

"ಥ್ಯಾಂಕ್ಯೂ ಮೇಡಂ!" ಎಂದ ಕರಿಬಸವಯ್ಯ, ದೊಡ್ಡ ದನಿಯಲ್ಲಿ.

"ನೋ ಕ್ವೆಶ್ಚನ್ಸ್ ಟುಡೇ. ದ ಸೀಟ್ ಈಸ್ ಯುವರ್ಸ್" ಎಂದು ಮೇಡಂ ಸಿರಿಯ ಅರ್ಜಿಯನ್ನು ಎಳೆದುಕೊಂಡು ಪೆನ್ನಿನ ಕ್ಯಾಪು ತೆಗೆದರು. ಬರೆಯುವ ಮುಂಚೆ ಒಮ್ಮೆ ತಲೆಯೆತ್ತಿ, ಸ್ಕೂಲಿನ ನಿಯಮ ಮುರಿದು, ಮೆಲ್ಲಗೆ ಕನ್ನಡದಲ್ಲಿ ಕೇಳಿದರು: "ಯಾರಪ್ಪ... ತೀರ್ಕೊಂಡಿದ್ದು?"

ಹಾರ, ಬರಿಗಾಲು, ಬೇಡವೆಂದ ಕಾಫಿ, ಸಪ್ಪಲಮ್ಮನವರ ಅಳು, ಎಲ್ಲವೂ ಒಟ್ಟಿಗೆ ಕರಿಬಸವಯ್ಯನ ತಲೆಗೆ ಬಂದು ಬಡಿದವು. ಒಳಗೆ ಮಗಳ ಸೀಟು, ಹೊರಗೆ ತನ್ನ ಕೆಲಸ. ನಿಜ ಹೇಳಿದರೆ ಎರಡೂ ಹೋಯಿತು. ಸುಮ್ಮನೆ ಒಂದು ಹೆಸರು ಹೇಳಿದರೆ ಎರಡೂ ಉಳಿಯಿತು. ಪೆನ್ನು ಕಾಗದದ ಮೇಲೆ ಅಲ್ಲೇ ಇತ್ತು.

ಬದುಕಿರುವವರನ್ನು ಸಾಯಿಸಬಾರದೆಂಬ ನಿಯಮ ನಿಜವೇ. ಆದರೆ ಅವನ ಅಜ್ಜನ ತಂಗಿ ಮುರಿಗೆವ್ವ ಎಂಬೊಬ್ಬರು ಇದ್ದರು. ಅವನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಿದ್ದರು. ಅವರ ಹೆಸರು ಹೇಳಿದರೆ ಅದು ಸುಳ್ಳೂ ಅಲ್ಲ, ಸ್ವಲ್ಪ ತಡವಾದ ಸುದ್ದಿ ಅಷ್ಟೆ. "ಮೈ... ಗ್ರ್ಯಾಂಡ್..." ಎಂದು ಬಾಯಿ ತೆರೆದ.

"ಯಾರೂ ಸತ್ತ್‌ಹೋಗಿಲ್ಲ ಮೇಡಂ" ಎಂದಳು ಶಾಂತಾದೇವಿ. ಆ ದಿನ ಅವಳು ಆ ಕೋಣೆಯಲ್ಲಿ ಆಡಿದ ಮೊದಲ ಮಾತು. "ಇವ್ರಿಗೆ ಹೊಸ್ದಾಗಿ ಇಂಗ್ಲಿಷ್ ಬಂದಿದೆ, ಅಷ್ಟೇ."

ಶಾಂತಾದೇವಿ ಎಲ್ಲವನ್ನೂ ಹೇಳಿದಳು. ಫ್ಲೋರ್ ಮಿಲ್ ಕ್ಲಾಸು, ಅನಾಹುತದ ವಾರ, ಎಸ್‌ಟಿಡಿ ಬೂತು, ಬೆಳಿಗ್ಗೆಯ ಹಾರ. ಕರಿಬಸವಯ್ಯ ತಲೆ ತಗ್ಗಿಸಿ ತನ್ನ ಬೂಟನ್ನೇ ನೋಡುತ್ತಿದ್ದ. ಅನ್ನಪೂರ್ಣ ಮೇಡಂ ಪೆನ್ನಿನ ಕ್ಯಾಪು ಹಾಕಿದರು. ಕನ್ನಡಕ ಸರಿಮಾಡಿಕೊಂಡು ಮತ್ತೆ ಇಂಗ್ಲಿಷಿಗೆ ಹಿಂತಿರುಗಿದರು.

"ದೆನ್ ಲೆಟ್ ಅಸ್ ಹ್ಯಾವ್ ದ ಇಂಟರ್‌ವ್ಯೂ. ಟೆಲ್ ಮಿ ಅಬೌಟ್ ಯುವರ್ ಡಾಟರ್."

ಮಗಳ ಬಗ್ಗೆ ಹೇಳಬೇಕಂತೆ. ಬೇರೆ ತಂದೆತಾಯಿಯರು ಇದಕ್ಕೆಂದೇ ತಿಂಗಳುಗಟ್ಟಲೆ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಕರಿಬಸವಯ್ಯನಿಗೆ ಒಳ್ಳೆಯ ಹುಡುಗಿ, ಜಾಣೆ, ಮುದ್ದು ಎನ್ನುವುದಕ್ಕೆಲ್ಲ ಇಂಗ್ಲಿಷ್ ಇರಲಿಲ್ಲ. ಆ ವಾರಗಳು ಅವನಿಗೆ ತಪ್ಪಿಹೋಗಿದ್ದವು. ಆದರೆ ಅವನ ಧೈರ್ಯ ಗೊತ್ತಲ್ಲ? ಎದ್ದು ನಿಂತ.

"ಮೇಡಂ, ಮೈ ಡಾಟರ್ ಈಸ್ ಕೆಲಾಮಿಟಿ."

ಮೇಡಂ ಹುಬ್ಬೇರಿಸಿದರು.

"ಮಾರ್ನಿಂಗ್ ಟೈಮ್, ಅಪ್‌ಹೀವಲ್. ಬಾತ್ ಟೈಮ್, ಡೆಲ್ಯೂಜ್. ಈಟಿಂಗ್ ಟೈಮ್, ಹ್ಯಾವಕ್. ಮೈ ಷರ್ಟ್, ಮೈ ಪೆನ್, ಓನರ್ ಆಂಟಿ ಫ್ಲವರ್ ಪಾಟ್, ಆಲ್ ಡಿಸಾಸ್ಟರ್. ಸ್ಲೀಪಿಂಗ್ ಟೈಮ್..." ನೆಮ್ಮದಿಗೆ ಅವನ ಹತ್ತಿರ ಪದವಿರಲಿಲ್ಲ. ಎರಡೂ ಕೈ ಜೋಡಿಸಿ ಕೆನ್ನೆಗೆ ಇಟ್ಟುಕೊಂಡು ತೋರಿಸಿದ. "ಲಾಸ್ಟ್ ಮಂತ್ ಶಿ ವೆಂಟ್ ಗ್ರ್ಯಾಂಡ್‌ಮದರ್ ಹೌಸ್. ಮೈ ಹೌಸ್, ಸೈಲೆಂಟ್. ನೋ ಹ್ಯಾವಕ್. ನೋ ಮಿಸ್‌ಹ್ಯಾಪ್. ಆಲ್ ಥಿಂಗ್ಸ್ ಇನ್ ಪ್ಲೇಸ್." ಅವನ ದನಿ ಸ್ವಲ್ಪ ಕೆಳಗಿಳಿಯಿತು. "ದಟ್ ಈಸ್ ಕ್ಯಾಟಾಸ್ಟ್ರಫಿ, ಮೇಡಂ."

ಅಷ್ಟರಲ್ಲಿ ಸಿರಿ ಮೇಜಿನ ಕೆಳಗಿನಿಂದ ಆ ಕಡೆಗೆ ಹೋಗಿ, ಭೂಗೋಳದ ಚೆಂಡನ್ನು ಸ್ಟ್ಯಾಂಡಿನಿಂದ ಕಿತ್ತು ನೆಲದ ಮೇಲೆ ಉರುಳಿಸಿದಳು. ಅದು ಬಾಗಿಲಿನವರೆಗೂ ಹೋಗಿ ಆಯಾಳ ಕಾಲಿಗೆ ಬಡಿಯಿತು.

"ಬೆಳಿಗ್ಗೆಯಿಂದ ಬಂದೋರೆಲ್ಲಾ ಮೈ ಚೈಲ್ಡ್ ಈಸ್ ವೆರಿ ಒಬಿಡಿಯೆಂಟ್ ಅಂತ ಹೇಳಿ ಹೇಳಿ ನನ್ ತಲೆ ಕೆಟ್ಟೋಗಿತ್ತು" ಎಂದರು ಅನ್ನಪೂರ್ಣ ಮೇಡಂ, ಅಪ್ಪಟ ಕನ್ನಡದಲ್ಲಿ. "ಮಗು ಇದ್ದಂಗೇ ಹೇಳಿದೋರು ನೀವೊಬ್ರೇ." ಪೆನ್ನಿನ ಕ್ಯಾಪು ಮತ್ತೆ ತೆಗೆದು ಸಹಿ ಹಾಕಿದರು. "ಇವಳನ್ನ ಮುಂದಿನ ಬೆಂಚಲ್ಲೇ ಕೂರಿಸ್ಬೇಕು."

ಸೀಟು ಸಿಕ್ಕಿತು. ಉಳಿದದ್ದು ಕೆಲಸ.

ಗೇಟಿನ ಹತ್ತಿರ ಎಲ್ಲರೂ ಬರಿಗಾಲಿನಲ್ಲಿ ಕಾದಿದ್ದರು. ಕರಿಬಸವಯ್ಯ ನೇರ ತಿಮ್ಮರಾಯಪ್ಪನವರ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಕೇಳಿ ಮುಗಿಸುವಷ್ಟರಲ್ಲಿ ಅವರ ಮುಖ ಕೆಂಪಗಾಗಿತ್ತು.

"ಅಂದ್ರೆ, ಯಾರೂ ಸತ್ತೇ ಇಲ್ಲ?"

"ಇಲ್ಲ ಸಾರ್."

"ಒಬ್ರೂ?"

"ಕ್ಷಮಿಸ್ಬೇಕು ಸಾರ್."

"ಹಂಗಾದ್ರೆ ನಾನು ಅತ್ತಿದ್ದು ಯಾರಿಗೆ?" ಎಂದು ಸಪ್ಪಲಮ್ಮನವರು ಮುಂದೆ ಬಂದರು. "ನೀನೇ ಹೋಗ್‌ಬಿಟ್ಟೆ ಅಂತ ಅತ್ತೆ ಕಣೋ! ನೀನು ಬಾಗಿಲಿಗೆ ಬಂದ್ಮೇಲೆ ಹೆಂಗ್ ನಿಲ್ಸೋದು ಅಂತ ಗೊತ್ತಾಗ್ಲಿಲ್ಲ ನನಗೆ." ಬೈಯುತ್ತಲೇ ಅವನ ತಲೆಯನ್ನು ಎರಡು ಕೈಯಲ್ಲೂ ಸವರಿ ನೆಟಿಕೆ ಮುರಿದರು. ಆಮೇಲೆ ಷೋರೂಮಿನವರ ಕಡೆ ತಿರುಗಿದರು. "ಸಾವಿಗೆ ಅಂತ ಹೊರಟ ಕಾಲು ನಿಮ್ದೆಲ್ಲಾ. ಸತ್ತಿರ್ಲಿ ಬಿಟ್ಟಿರ್ಲಿ, ಮನೇಗ್ ಹೋಗಿ ತಲೆಗೆ ನೀರ್ ಹಾಕ್ಕೊಳ್ದೆ ಅಂಗಡಿ ಬಾಗ್ಲು ತೆಗೀಬೇಡಿ, ಹೇಳಿದೀನಿ."

ಮೆಕ್ಯಾನಿಕ್‌ಗಳ ಮುಖ ಅರಳಿತು. ತಿಮ್ಮರಾಯಪ್ಪನವರದು ಇನ್ನೂ ಕೆಂಪಾಯಿತು.

"ನಿಂಗೆ ಏನ್ ಬೇಕಿತ್ತು, ಅದನ್ನ ಈಗ ಹೇಳು" ಎಂದರು ಕರಿಬಸವಯ್ಯನಿಗೆ. "ಕನ್ನಡದಲ್ಲಿ ಹೇಳು."

"ಸಾರ್, ಮಗಳನ್ನ ಸ್ಕೂಲಿಗೆ ಸೇರಿಸ್ಬೇಕು. ಅರ್ಧ ದಿನ ರಜ ಬೇಕು."

ಸತ್ತ ಅಜ್ಜಿಯರನ್ನು ಎದುರಿಸುವುದು ತಿಮ್ಮರಾಯಪ್ಪನವರಿಗೆ ಅಭ್ಯಾಸವಾಗಿತ್ತು. ಬದುಕಿರುವ ಕಾರಣವೊಂದು ಹೀಗೆ ಎದುರಿಗೆ ಬಂದು ನಿಂತರೆ ಅದನ್ನು ಹೇಗೆ ತಳ್ಳಿಹಾಕುವುದು ಎಂದು ಅವರಿಗೂ ಗೊತ್ತಿರಲಿಲ್ಲ.

"ಇದನ್ನ ನಿನ್ನೇನೇ ಹಿಂಗೇ ಕೇಳಕ್ಕೆ ಏನಾಗಿತ್ತಯ್ಯಾ ನಿಂಗೆ?"

"ಕೇಳಿದ್ರೆ ಕೊಡ್ತಿದ್ರಾ ಸಾರ್?"

ಅವರು ಕೋಪಿಷ್ಠರು, ಆದರೆ ಸುಳ್ಳುಗಾರರಲ್ಲ. ನಿಂತು ಯೋಚಿಸಿದರು. "ಇಲ್ಲ" ಎಂದರು.

"ಈಗ ಕೊಟ್ಟಿದೀನಿ, ಹೋಗು. ಸೋಮವಾರ ಬೇಗ ಬಾ" ಎಂದು ಹೇಳಿ ತಿಮ್ಮರಾಯಪ್ಪನವರು ಬಗ್ಗಿ ಸಿರಿಯ ಕೆನ್ನೆ ತಟ್ಟಲು ಹೋದರು. ಸಿರಿ ಅದಕ್ಕೇ ಕಾದಿದ್ದವಳಂತೆ ಅವರ ಕನ್ನಡಕ ಕಿತ್ತುಕೊಂಡು ಬನಶಂಕರಿ ರಸ್ತೆಯಲ್ಲಿ ಓಟ ಕಿತ್ತಳು. ಮ್ಯಾನೇಜರರು ಬರಿಗಣ್ಣಿನಲ್ಲಿ ಟೆಂಪೋವನ್ನು ತಡಕಾಡಿದರು.

ಕರಿಬಸವಯ್ಯ ಎದೆಯುಬ್ಬಿಸಿ, ಸರಿಯಾದ ಪದ ಹುಡುಕಿಕೊಂಡು, ಬಾಯಿ ತೆರೆದ.

"ಮೊದ್ಲು ಹೋಗಿ ಅವಳನ್ನ ಹಿಡೀರಿ" ಎಂದಳು ಶಾಂತಾದೇವಿ.